ಹೊಳೆ ಇಳಿದ ಮೇಲೂ ಜೊತೆಗಿರುವುದು ಹೇಗೆ

ನಮ್ಮೂರು ಗೋಕಾಕ ತಾಲ್ಲೂಕಿನಲ್ಲಿ, ಘಟಪ್ರಭಾ ಹೊಳೆಯ ದಂಡೆಗಿದೆ. ನಾನು ಆಶಾ ಕಾರ್ಯಕರ್ತೆ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳ ನೀರೂ ಕೂಡಿ ಲೋಳಸೂರು ಸೇತುವೆ ಮುಳುಗಿತು. ಗೋಕಾಕ ಪೇಟೆಯೊಳಗೂ ನೀರು ಹೊಕ್ಕಿತು. ಅವತ್ತಿನಿಂದ ಪ್ರತಿ ಮಳೆಗಾಲದಲ್ಲೂ ನಾವು ಒಂದಷ್ಟು ಕೆಲಸ ತಪ್ಪದೆ ಮಾಡುತ್ತೇವೆ. ಹೊಳೆ ದಂಡೆಯ ಬೇರೆ ಊರಿನವರಿಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀರು ಬಂದ ದಿನ ಎಲ್ಲರೂ ಇರುತ್ತಾರೆ. ಬೋಟು ಬರುತ್ತೆ, ಸಾಹೇಬರು ಬರುತ್ತಾರೆ, ಪಕ್ಕದೂರಿನಿಂದ ರೊಟ್ಟಿ ಬುತ್ತಿ ಬರುತ್ತೆ. ಮನುಷ್ಯ ಕುಸಿಯುವುದು ನೀರು ಇಳಿದು ಎಲ್ಲರೂ ವಾಪಸ್ ಹೋದ ಮೇಲೆ. ಹಾಗಾಗಿ ನಿಮ್ಮ ಶಕ್ತಿಯಲ್ಲಿ ಅರ್ಧವನ್ನಾದರೂ ಆ ದಿನಗಳಿಗೆ ಉಳಿಸಿಕೊಳ್ಳಿ.

ಮಳೆಗಾಲಕ್ಕೆ ಮುಂಚೆ ಹೆಸರು ಬರೆಯಿರಿ

ಓಣಿಯ ನಾಲ್ಕು ಜನ ಕೂತು ಒಂದು ಪಟ್ಟಿ ಮಾಡಿ. ಒಂಟಿಯಾಗಿರುವ ಮುದುಕರು, ದಿನ ತುಂಬಿದ ಬಸುರಿಯರು, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಕಣ್ಣು ಕಾಣದವರು. ಪ್ರತಿ ಹೆಸರಿನ ಮುಂದೆ ಅವರನ್ನು ಕರೆದುಕೊಂಡು ಬರುವವರ ಹೆಸರು ಬರೆಯಿರಿ. ಅವರು ಊರಲ್ಲಿ ಇಲ್ಲದಿದ್ದರೆ ಯಾರು ಅಂತ ಇನ್ನೊಂದು ಹೆಸರೂ ಇರಲಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ ಬಿಡಿ’ ಅಂತ ಬಿಟ್ಟ ಮನೆಗೆ ಯಾರೂ ಹೋಗಿರುವುದಿಲ್ಲ. ಒಂಬತ್ತು ತಿಂಗಳ ಬಸುರಿ ಇದ್ದರೆ ಹೊಳೆ ಏರುವ ಸುದ್ದಿ ಬಂದ ಕೂಡಲೇ ತಾಯಿ ಕಾರ್ಡ್ ಸಮೇತ ತಾಲ್ಲೂಕು ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕಳಿಸಿ. ರಸ್ತೆ ಬಂದ್ ಆದ ಮೇಲೆ 108ಕ್ಕೂ ಬರಲು ದಾರಿ ಇರುವುದಿಲ್ಲ.

ಒಂದು ಚೀಲ ಕಟ್ಟಿಡಿ. ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಬಿಪಿ, ಸಕ್ಕರೆ, ಫಿಟ್ಸ್, ಟಿಬಿ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಇರಲಿ. ಇವುಗಳನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಜೊತೆಗೆ ಟಾರ್ಚು, ಹೆಣ್ಣುಮಕ್ಕಳ ಪ್ಯಾಡು, ಕಟಕ ರೊಟ್ಟಿ, ಶೇಂಗಾ ಚಟ್ನಿ. ಗಾಳಿ ತಾಗದ ಡಬ್ಬಿಯಲ್ಲಿ ಹಾಕಿದರೆ ಕಟಕ ರೊಟ್ಟಿ ಎಷ್ಟೋ ದಿನ ಇರುತ್ತೆ, ನೆನೆಸಿಕೊಂಡರೆ ಹಲ್ಲಿಲ್ಲದವರೂ ತಿನ್ನಬಹುದು.

ಮನೆ ಬಿಡುವಾಗ ಮೇನ್ ಸ್ವಿಚ್ ಆಫ್ ಮಾಡಿ. ದನದ ಹಗ್ಗ ಬಿಚ್ಚಿ. ಇದನ್ನು ಯಾವ ಗಡಿಬಿಡಿಯಲ್ಲೂ ಮರೆಯಬೇಡಿ. ‘ಡ್ಯಾಮ್ ಒಡೆದಿದೆ’ ಅನ್ನುವ ವಾಟ್ಸಾಪ್ ಮೆಸೇಜ್ ಬಂದರೆ ಮುಂದೆ ಕಳಿಸುವ ಬದಲು ಪಂಚಾಯ್ತಿಗೋ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೋ ಫೋನ್ ಮಾಡಿ ಕೇಳಿ.

ಕಾಳಜಿ ಕೇಂದ್ರದಲ್ಲಿ

ಮನೆ ಬಿಟ್ಟು ಬಂದವರಿಗೆ ಕಾಳಜಿ ಕೇಂದ್ರ ಮಾಡಿದ್ದ ಶಾಲೆಯ ಕೋಣೆಯಲ್ಲಿ ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ತಲೆ ತಿರುಗುತ್ತೆ ಅಂದಳು. ಬಿಪಿ ನೋಡಿದೆ, ಕಡಿಮೆ ಇತ್ತು. ನಾಲಿಗೆ ಒಣಗಿ ಹಂಚಿನ ಹಾಗಾಗಿತ್ತು. ಪಕ್ಕದಲ್ಲೇ ತುಂಬಿದ ನೀರಿನ ಬಾಟಲಿ, ಮುಚ್ಚಳವನ್ನೂ ತೆಗೆದಿರಲಿಲ್ಲ. ‘ಯಾಕ ಕುಡಿದಿಲ್ಲ ಆಯಿ?’ ಅಂತ ಕೇಳಿದರೆ ಮೊದಲು ಸುಮ್ಮನಿದ್ದಳು. ಆಮೇಲೆ ಕಿವಿಯಲ್ಲಿ ಹೇಳಿದಳು. ಶೌಚಾಲಯ ಮೈದಾನದ ಆ ತುದಿಗಿದೆ, ಕತ್ತಲು, ಬಾಗಿಲಿಗೆ ಚಿಲಕ ಇಲ್ಲ, ಗಂಡಸರು ಅಲ್ಲೇ ಕೂತಿರುತ್ತಾರೆ. ಅದಕ್ಕೇ ನೀರು ಬಿಟ್ಟಿದ್ದಳು. ಸುತ್ತ ಕೂತಿದ್ದ ಹೆಣ್ಣುಮಕ್ಕಳನ್ನು ಕೇಳಿದೆ. ಬಹಳ ಮಂದಿ ಅದನ್ನೇ ಮಾಡುತ್ತಿದ್ದರು.

ಆದ್ದರಿಂದ ಕೇಂದ್ರಕ್ಕೆ ಹೋದ ಕೂಡಲೇ ಊಟದ ವ್ಯವಸ್ಥೆಗಿಂತ ಮೊದಲು ಶೌಚಾಲಯ ನೋಡಿ. ಚಿಲಕ ಇಲ್ಲದಿದ್ದರೆ ಒಳಗಿನಿಂದ ಕಟ್ಟಿಕೊಳ್ಳಲು ಒಂದು ಹಗ್ಗ ಹಾಕಿ. ಬಕೆಟ್ಟು, ಸೋಪು, ಬೆಳಕು ಇರಲಿ. ರಾತ್ರಿ ಇಬ್ಬರಿಬ್ಬರಾಗಿ ಹೋಗುವ ಪಾಳಿ ಹಚ್ಚಿ. ಗಂಡಸರು ಕೂರುವ ಜಾಗ ಬೇರೆ ಕಡೆಗೆ ಮಾಡಿ ಅಂತ ಊರಿನ ಹಿರಿಯರಿಗೆ ನೇರವಾಗಿ ಹೇಳಿ. ಹೇಳಿದರೆ ಕೇಳುತ್ತಾರೆ.

ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಇಲ್ಲದಿದ್ದರೆ ಕ್ಲೋರಿನ್ ಗುಳಿಗೆ ಹಾಕಿ. ಎಷ್ಟು ನೀರಿಗೆ ಎಷ್ಟು ಗುಳಿಗೆ, ಎಷ್ಟು ಹೊತ್ತು ಬಿಡಬೇಕು ಅಂತ ಗುಳಿಗೆಯ ಪೊಟ್ಟಣದ ಮೇಲೆಯೇ ಬರೆದಿರುತ್ತೆ. ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಸಮತಟ್ಟಾಗಿರಲಿ, ಗುಪ್ಪೆ ಬೇಡ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಮನೆಗೆ ವಾಪಸ್ ಹೋದಾಗ

ರಾಡಿ ತೆಗೆಯುವ ಮೊದಲು ಫೋಟೋ ತೆಗೆಯಿರಿ. ಬಿದ್ದ ಗೋಡೆ, ನೀರು ನಿಂತ ಗುರುತು, ನೆನೆದ ಜೋಳದ ಚೀಲ, ಎಲ್ಲವನ್ನೂ. ದನ ಸತ್ತಿದ್ದರೆ ಪಶುವೈದ್ಯರಿಗೆ ತೋರಿಸದೆ ಹೂಳಬೇಡಿ. ದನದ ಕಿವಿಗೆ ಹಾಕಿದ ಓಲೆಯ (ಟ್ಯಾಗ್) ನಂಬರ್ ಬರೆದಿಟ್ಟುಕೊಳ್ಳಿ. ಅಧಿಕಾರಿಗಳು ಹಾನಿಯ ಪಂಚನಾಮೆಗೆ ಬಂದಾಗ ನೀವೇ ಎದುರಿಗೆ ಇರಿ, ಪರಿಹಾರಕ್ಕೆ ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ.

ಒಳಗೆ ಹೋಗುವಾಗ ಕೈಯಲ್ಲಿ ಕೋಲು, ಕಾಲಿಗೆ ಬೂಟು ಇರಲಿ. ಹಾವುಗಳು ಒಣ ಜಾಗ ಹುಡುಕಿಕೊಂಡು ಬಂದಿರುತ್ತವೆ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಆ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ರಾಡಿಯಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದು, ಕಣ್ಣು ಕೆಂಪಾಗಿ, ಮೀನಖಂಡ ಹಿಂಡಿದ ಹಾಗೆ ನೋಯುತ್ತಿದ್ದರೆ ಇಲಿ ಜ್ವರ ಇರಬಹುದು. ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಕಾಯಬೇಡಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಇನ್ನು ಮನಸ್ಸಿನ ಮಾತು

ನನಗೆ ಹೆಚ್ಚು ಹೇಳಬೇಕಾಗಿರುವುದು ಇಲ್ಲಿಯೇ. ಎರಡು ಮೂರು ವಾರ ಆದ ಮೇಲೆ ಓಣಿಯಲ್ಲಿ ಒಂದು ಸುತ್ತು ಹಾಕಿ. ಕಬ್ಬು ಕೊಳೆತ ಹೊಲಕ್ಕೆ ಹೋಗಿ ಸುಮ್ನೆ ಬದುವಿನ ಮೇಲೆ ಕೂತು ಬರುವ ಅಣ್ಣ ಇರುತ್ತಾನೆ. ಮೋಡ ಕಪ್ಪಾದರೆ ಅವ್ವನ ಸೆರಗು ಬಿಡದ ಮಗು ಇರುತ್ತೆ. ಎಮ್ಮೆ ಹೋದ ಮೇಲೂ ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವ ಹೆಂಗಸು ಇರುತ್ತಾಳೆ.

ಅವರಿಗೆ ‘ಧೈರ್ಯ ತಗೋ, ಎಲ್ಲಾ ಸರಿ ಹೋಗುತ್ತೆ’ ಅಂತ ಹೇಳಬೇಡಿ. ‘ಅವರ ಮನೆ ಪೂರ್ತಿ ಹೋಯ್ತು, ನಿಂದು ಗೋಡೆ ಮಾತ್ರ’ ಅಂತ ಅಂತೂ ಹೇಳಲೇಬೇಡಿ. ಹೋಗಿ ಪಕ್ಕ ಕೂತುಕೊಳ್ಳಿ. ಎಮ್ಮೆಯ ಬಗ್ಗೆಯೇ ಕೇಳಿ. ಎಷ್ಟು ಹಾಲು ಕೊಡುತ್ತಿತ್ತು, ಯಾವ ಸಂತೆಯಿಂದ ತಂದದ್ದು. ಅಳು ಬಂದರೆ ಅಳಲಿ, ನಡುವೆ ತಡೆಯಬೇಡಿ. ‘ಏನಾದರೂ ಬೇಕಾದರೆ ಹೇಳು’ ಅಂದರೆ ಮರ್ಯಾದಸ್ಥರು ಯಾರೂ ಕೇಳುವುದಿಲ್ಲ. ‘ನಾಳೆ ತಹಸೀಲ್ದಾರ್ ಕಚೇರಿಗೆ ನಾನೂ ಬರುತ್ತೇನೆ, ಹತ್ತರ ಬಸ್ಸಿಗೆ ಹೋಗೋಣ’ ಅನ್ನಿ. ಅದು ಸಹಾಯ.

ಮಕ್ಕಳ ಎದುರು ನೆರೆಯ ವಿಡಿಯೋ ಮತ್ತೆ ಮತ್ತೆ ಹಾಕಬೇಡಿ. ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ. ‘ಮತ್ತೆ ನೀರು ಬರುತ್ತಾ?’ ಅಂತ ಕೇಳಿದರೆ ‘ಬರಲ್ಲ’ ಅಂತ ಸುಳ್ಳು ಹೇಳುವುದಕ್ಕಿಂತ ‘ಬಂದರೆ ನಾವು ಮೊದಲೇ ಗುಡ್ಡದ ಶಾಲೆಗೆ ಹೋಗುತ್ತೇವೆ, ನಿನ್ನ ಚೀಲ ನೀನೇ ಹಿಡಿ’ ಅನ್ನಿ. ಒಂದು ಕೆಲಸ ಕೈಗೆ ಕೊಟ್ಟರೆ ಮಗುವಿನ ಹೆದರಿಕೆ ಎಷ್ಟೋ ಇಳಿಯುತ್ತೆ.

ಸಾಲ ಇದ್ದು, ಮಾತು ನಿಂತು, ಊಟ ನಿದ್ದೆ ಬಿಟ್ಟವರನ್ನು ಕಂಡರೆ ಮುಜುಗರ ಪಡಬೇಡಿ. ಒಬ್ಬರೇ ಇದ್ದಾಗ ನೇರವಾಗಿ ಕೇಳಿ: ‘ಅಣ್ಣಾ, ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ನಿಜವಲ್ಲ. ಯಾರೋ ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧವನ್ನು ಅವತ್ತೇ ಮನೆಯಿಂದ ಬೇರೆ ಕಡೆ ಸಾಗಿಸಿ. ಮನೆಯವರಲ್ಲಿ ನಂಬಿಕೆಯ ಒಬ್ಬರಿಗೆ ತಿಳಿಸಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೇ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ 112.

ಓಡಾಡುವವರು ತಮ್ಮನ್ನು ಮರೆಯಬಾರದು

ಆಶಾ, ಅಂಗನವಾಡಿ ಅಕ್ಕಂದಿರು, ಪಂಚಾಯ್ತಿ ಹುಡುಗರು, ಶಾಲೆಯ ಮಾಸ್ತರರು ಕೇಳಿ. ನಮ್ಮಲ್ಲಿ ಹೆಚ್ಚಿನವರ ಮನೆಗೂ ನೀರು ಬಂದಿರುತ್ತೆ. ಊರಿನ ರಾಡಿ ತೆಗೆದು ಮನೆಗೆ ಬಂದರೆ ನಮ್ಮ ರಾಡಿ ಹಾಗೇ ಇರುತ್ತೆ. ಅದಕ್ಕೇ ಪಾಳಿ ಬೇಕು. ರಾತ್ರಿ ಕಾಯುವವರು ಮರುದಿನ ಮಧ್ಯಾಹ್ನದವರೆಗೆ ಮಲಗಲಿ, ಯಾರೂ ಎಬ್ಬಿಸಬಾರದು. ಬಡಿಸುವವರು ಕೊನೆಗೆ ಉಳಿದದ್ದು ತಿನ್ನುವ ಪದ್ಧತಿ ಬಿಡಿ. ಅವರ ತಟ್ಟೆ ಮೊದಲೇ ತೆಗೆದಿಡಿ. ಸಂಜೆ ಐದು ನಿಮಿಷ ಕೂತು ಇವತ್ತು ಯಾವುದು ಭಾರ ಆಯ್ತು ಅಂತ ಒಬ್ಬೊಬ್ಬರೂ ಹೇಳಿಕೊಳ್ಳಿ. ಸಣ್ಣ ಮಾತಿಗೆ ಸಿಟ್ಟು ಬರುತ್ತಿದ್ದರೆ, ಬಿಪಿ ಮಾತ್ರೆ ಮರೆಯುತ್ತಿದ್ದರೆ, ಒಂದು ದಿನ ರಜೆ ಕೇಳಿ. ಆ ಒಂದು ದಿನಕ್ಕೆ ನಿಮ್ಮ ಪಟ್ಟಿಯ ಹೆಸರುಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಿ.

ಬೆಂಗಳೂರು, ಪುಣೆಯಲ್ಲಿರುವ ಊರಿನ ಮಕ್ಕಳಿಗೂ ಒಂದು ಮಾತು. ಕಳಿಸುವ ದುಡ್ಡನ್ನು ಮೊದಲ ವಾರವೇ ಪೂರ್ತಿ ಕಳಿಸಬೇಡಿ. ಆ ವಾರ ಬಿಸ್ಕತ್ತು, ಹಳೇ ಬಟ್ಟೆ ಬೇಕಾದಷ್ಟು ಬಂದು ಬಿದ್ದಿರುತ್ತವೆ. ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಹೊತ್ತಿಗೆ ಬೀಜಕ್ಕೆ, ಗೊಬ್ಬರಕ್ಕೆ, ಮಕ್ಕಳ ನೋಟ್‌ಬುಕ್ಕಿಗೆ ಕೈಯಲ್ಲಿ ಕಾಸಿರುವುದಿಲ್ಲ. ಆಗ ಕಳಿಸಿ. ಅಲ್ಲಿಯವರೆಗೆ ವಾರಕ್ಕೊಮ್ಮೆ, ಗೊತ್ತು ಮಾಡಿದ ಒಂದೇ ಹೊತ್ತಿಗೆ ಅಪ್ಪ ಅವ್ವನಿಗೆ ಫೋನ್ ಮಾಡಿ. ಪರಿಹಾರ ಬಂತಾ ಅಂತ ಕೇಳುವ ಮೊದಲು ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿ.