ಒಂದು ದಿನದ ಜಲವರ್ಣ ಕಾರ್ಯಾಗಾರ: ಮಿಂಚುಳ್ಳಿ ಬರೆಯಲು ಮನೆಯಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ

ಮೈಸೂರಿನಲ್ಲಿ ವನ್ಯಜೀವಿ ಚಿತ್ರದ ಒಂದು ದಿನದ ಕಾರ್ಯಾಗಾರ ಅಂದರೆ ಹೆಚ್ಚಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ. ಪರಿಚಯ, ಎರಡು ಸಲ ಕಾಫಿ, ಊಟ ಎಲ್ಲಾ ಸೇರಿ ಒಂದೂವರೆ ಗಂಟೆ ಹೋಗುತ್ತದೆ. ಕಲಿಸುವವರು ಬರೆದು ತೋರಿಸಲು ಇನ್ನೊಂದೂವರೆ. ವಾಶ್, ಅಂದರೆ ನೀರಾಗಿ ಹರಡಿದ ಬಣ್ಣದ ಪದರ, ಒಣಗಲಿ ಎಂದು ಕೈಕಟ್ಟಿ ಕೂರುವುದು ಏನಿಲ್ಲವೆಂದರೂ ಒಂದು ಗಂಟೆ. ಕುಂಚ ಹಿಡಿಯಲು ಉಳಿಯುವುದು ಮೂರೂವರೆ ಗಂಟೆ. ಅಲ್ಲಿ ಹೋಗಿ ಔಟ್‌ಲೈನ್ ಹಾಕಲು ಕೂತರೆ ಅದೂ ಎರಡಕ್ಕೆ ಇಳಿಯುತ್ತದೆ. ಹಾಗಾಗಿ ಡ್ರಾಯಿಂಗ್ ಇಳಿಸುವುದು, ಹಾಳೆ ಬಿಗಿಯುವುದು, ಬಣ್ಣ ಬೆರೆಸಿ ನೋಡುವುದು, ಈ ಮೂರನ್ನೂ ನಾನು ಮನೆಯಲ್ಲೇ ಮುಗಿಸಿಕೊಂಡು ಹೋಗುತ್ತೇನೆ.

ಮೊದಲು ವಿಷಯ. ಬಹಳ ಜನ ಇಡೀ ಹುಲಿ, ಹಿಂದೆ ಬಿದಿರು ಮೆಳೆ, ಕೆಳಗೆ ನೀರಲ್ಲಿ ಅದರ ಪ್ರತಿಬಿಂಬ ಎಂದು ಹೊರಡುತ್ತಾರೆ. ಅದು ವಾರಗಟ್ಟಲೆಯ ಕೆಲಸ. ರಂಗನತಿಟ್ಟಿನ ಬಣ್ಣದ ಕೊಕ್ಕರೆಯೂ ಸುಲಭವಲ್ಲ. ಎದೆಯ ಕಪ್ಪು ಪಟ್ಟಿಯಲ್ಲಿ ಒಂದೊಂದು ಗರಿಗೂ ಬಿಳಿ ಅಂಚು ಬಿಡುವುದರಲ್ಲೇ ದಿನ ಕಳೆದುಹೋಗುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯದು (ಪೆಲಿಕನ್) ಪೂರ್ತಿ ಬೂದು-ಬಿಳಿಯ ಸೂಕ್ಷ್ಮ, ಕೈ ಪಳಗಿದವರಿಗೆ ಸರಿ. ನಾನು ಆರಿಸುವುದು ಬಿಳಿ ಕತ್ತಿನ ಮಿಂಚುಳ್ಳಿ. ಮಂಡ್ಯ ಕಡೆ ನಾಲೆ ಮೇಲಿನ ಕರೆಂಟ್ ತಂತಿಯಲ್ಲಿ, ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯಲ್ಲಿ ದಿನವೂ ಕಾಣುವ ಹಕ್ಕಿ. ಚಾಕೊಲೇಟ್ ಕಂದು ತಲೆ, ಬಿಳಿ ಗಂಟಲು ಮತ್ತು ಎದೆ, ದೊಡ್ಡ ಕೆಂಪು ಕೊಕ್ಕು, ಬೆನ್ನಿನ ಮೇಲೆ ಹೊಳೆಯುವ ನೀಲಿ. ಗಾಢ ಬಣ್ಣ ಹಾಕುವುದು, ಹಾಳೆಯ ಬಿಳುಪು ಉಳಿಸುವುದು, ನಯವಾದ ಮೈ ತೋರಿಸುವುದು, ಗರಿಯ ಹೊಳಪು ಹಿಡಿಯುವುದು, ನಾಲ್ಕೂ ಈ ಒಂದೇ ಹಕ್ಕಿಯಲ್ಲಿ ಅಭ್ಯಾಸವಾಗುತ್ತದೆ.

ಬರೆಯುವುದು ತಲೆಯಿಂದ ಭುಜದವರೆಗೆ ಮಾತ್ರ. ಹಾಳೆ ಕಾಲು ಇಂಪೀರಿಯಲ್, ಅಂದರೆ 11x15 ಇಂಚು. ಅಳತೆ ನಿರ್ಧರಿಸುವುದು ಕಣ್ಣು: ಹಾಳೆಯ ಮೇಲೆ ಕಣ್ಣು ಕನಿಷ್ಠ 10 ಮಿಲಿಮೀಟರ್ ಬರುವ ಹಾಗೆ ಹಕ್ಕಿಯನ್ನು ದೊಡ್ಡದು ಮಾಡಿಕೊಳ್ಳುತ್ತೇನೆ. 3 ಮಿಲಿಮೀಟರಿನ ಕಣ್ಣಿನೊಳಗೆ ಹೊಳಪು, ಕಂದು, ಕಪ್ಪು, ರೆಪ್ಪೆಯಂಚು ನಾಲ್ಕನ್ನೂ ತೂರಿಸಲು ಯಾವ ಕುಂಚಕ್ಕೂ ಆಗದು.

ಫೋಟೋ ಒಂದು ಸಾಲದು. ಭಂಗಿಗೆ ಒಂದು, ಕಣ್ಣು ಮತ್ತು ಕೊಕ್ಕಿನ ಬುಡ ಸ್ಪಷ್ಟವಾಗಿ ಕಾಣುವುದೊಂದು, ಭುಜದ ಗರಿಗಳಿಗೆ ಒಂದು. ಮೂರರಲ್ಲೂ ಬೆಳಕು ಒಂದೇ ಕಡೆಯಿಂದ ಬಂದಿರಬೇಕು, ಇಲ್ಲದಿದ್ದರೆ ತಲೆಯ ನೆರಳು ಎಡಕ್ಕೆ, ರೆಕ್ಕೆಯದು ಬಲಕ್ಕೆ ಬಿದ್ದು ಹಕ್ಕಿ ಎರಡು ತುಂಡಾಗಿ ಕಾಣುತ್ತದೆ. ಮೊಬೈಲಿನಲ್ಲಿ ದೂರದಿಂದ ಜೂಮ್ ಮಾಡಿದ ಫೋಟೋ ಹಿಡಿದುಕೊಂಡು ಗರಿ ಬರೆಯುವುದು ಊಹೆಯ ಕೆಲಸ. ಬೇರೆಯವರ ಫೋಟೋ ಆದರೆ ತೆಗೆದವರ ಒಪ್ಪಿಗೆ ಕೇಳಿ. ಪಕ್ಷಿ ಫೋಟೋ ತೆಗೆಯುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿದರೆ ಕೊಡುತ್ತಾರೆ. ಎ4 ಅಳತೆಯಲ್ಲಿ ಒಂದು ಬಣ್ಣದ ಪ್ರಿಂಟ್, ಒಂದು ಕಪ್ಪು-ಬಿಳುಪಿನದು. ಕಪ್ಪು-ಬಿಳುಪಿನದೇ ಹೆಚ್ಚು ಉಪಯೋಗ. ಕೆಂಪು ಕೊಕ್ಕು ಎಷ್ಟು ಗಾಢ ಎನ್ನುವುದು ಅದರಲ್ಲಿ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಕ್ಕಿಂತ ಅದು ಕಪ್ಪಿಗೆ ಹತ್ತಿರ. ಬಣ್ಣದ ಪ್ರಿಂಟಿನಲ್ಲಿ ಬೆನ್ನಿನ ನೀಲಿ ಮಂಕಾಗಿಯೇ ಬರುತ್ತದೆ, ಅದನ್ನು ನಂಬಬೇಡಿ. ಆ ನೀಲಿ ಗರಿಯಲ್ಲಿರುವ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ಬಂದದ್ದು. ಅದಕ್ಕೇ ಬೆಳಕು ಕಡಿಮೆಯಾದ ಕಡೆ ಹೊಳಪು ಸತ್ತು ಬೂದು ನೀಲಿಯಾಗುತ್ತದೆ.

ಡ್ರಾಯಿಂಗನ್ನು ನೇರವಾಗಿ ಒಳ್ಳೆ ಹಾಳೆಯ ಮೇಲೆ ಮಾಡುವುದಿಲ್ಲ. ಮಾಮೂಲಿ ಡ್ರಾಯಿಂಗ್ ಶೀಟಿನಲ್ಲಿ ಚೌಕ ಹಾಕಿ ಬರೆದು, ತಿದ್ದಿ, ಟ್ರೇಸಿಂಗ್ ಪೇಪರಿಗೆ ಇಳಿಸುತ್ತೇನೆ. ಒಳ್ಳೆ ಹಾಳೆಯನ್ನು ರಬ್ಬರಿನಿಂದ ಉಜ್ಜಿದರೆ ಸೈಜಿಂಗ್ ಎನ್ನುವ ತೆಳು ಅಂಟಿನ ಲೇಪ ಕಿತ್ತು, ಅಲ್ಲಿ ಬಣ್ಣ ಕಲೆಗಟ್ಟುತ್ತದೆ. ಟ್ರೇಸಿಂಗ್ ಪೇಪರಿನ ಹಿಂಬದಿಗೆ 2ಬಿ ಪೆನ್ಸಿಲ್ ಒರಟಾಗಿ ಬಳಿದು, ಟಿಶ್ಯೂನಿಂದ ಒಮ್ಮೆ ಒರೆಸಿ, ಹಾಳೆಯ ಮೇಲಿಟ್ಟು ಕೆಂಪು ಬಾಲ್‌ಪೆನ್ನಿನಲ್ಲಿ ಹಗುರವಾಗಿ ಗೆರೆ ಎಳೆದರೆ ಸಾಕು. ಕೆಂಪು ಯಾಕೆಂದರೆ ಯಾವ ಗೆರೆ ಆಯಿತು, ಯಾವುದು ಬಾಕಿ ಎಂದು ಕಾಣುತ್ತದೆ. ಒತ್ತಿದರೆ ಹಾಳೆಯಲ್ಲಿ ಗುಳಿ ಬಿದ್ದು ಆಮೇಲೆ ಬಣ್ಣವೆಲ್ಲ ಅದರೊಳಗೆ ಇಳಿದು ಕಪ್ಪು ಗೆರೆಯಾಗುತ್ತದೆ. ಸ್ಟೇಷನರಿ ಅಂಗಡಿಯ ಕಾರ್ಬನ್ ಪೇಪರ್ ಬೇಡವೇ ಬೇಡ, ಅದರ ಜಿಡ್ಡಿನ ಮೇಲೆ ನೀರು ನಿಲ್ಲುವುದಿಲ್ಲ, ಗೆರೆ ಅಳಿಸುವುದೂ ಇಲ್ಲ.

ಒಂದೊಂದು ಗರಿಯನ್ನೂ ಬರೆಯಬೇಕಿಲ್ಲ. ಗುಂಪುಗಳ ಗಡಿ ಸಾಕು: ಭುಜದ ಮೇಲೆ ಕಂದು ಗರಿಗಳ ತೇಪೆ, ಅದರ ಕೆಳಗೆ ಕಪ್ಪು, ಆಮೇಲೆ ನೀಲಿ. ಈ ಮೂರರ ಕ್ರಮ ತಪ್ಪಿದರೆ ಹಕ್ಕಿ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ. ಕೊಕ್ಕಿನ ಉದ್ದವನ್ನು ತಲೆಯ ಉದ್ದದ ಜೊತೆ ಸ್ಕೇಲಿಟ್ಟು ಹೋಲಿಸಿ ನೋಡುತ್ತೇನೆ. ಅಂದಾಜಿನಲ್ಲಿ ಬರೆದಾಗ ಹೆಚ್ಚಿನವರ ಕೈಯಲ್ಲಿ ಅದು ಗಿಡ್ಡವಾಗುತ್ತದೆ, ತುದಿ ಬಾಗುತ್ತದೆ. ಮಿಂಚುಳ್ಳಿಯದು ನೇರ.

ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವುದು), ನೂರಕ್ಕೆ ನೂರು ಹತ್ತಿಯದು, ಹಾಟ್ ಪ್ರೆಸ್. ಮೈ ನಯವಾಗಿರುವುದರಿಂದ ಸಣ್ಣ ಗೆರೆ ಒಡೆಯುವುದಿಲ್ಲ. ಆದರೆ ಇದರ ಮೇಲೆ ಬಣ್ಣ ಮೇಲ್ಮೈಯಲ್ಲೇ ಕೂರುತ್ತದೆ, ಎರಡನೇ ಪದರ ಹಾಕುವಾಗ ಮೊದಲನೆಯದು ಎದ್ದು ಬರುತ್ತದೆ. ಹಾಟ್ ಪ್ರೆಸ್ಸಿನ ಅಭ್ಯಾಸ ಇಲ್ಲದವರು ಅವತ್ತೇ ಮೊದಲ ಸಲ ಅದನ್ನು ಹಿಡಿಯುವುದಕ್ಕಿಂತ ಸಣ್ಣ ತರಿಯ ಕೋಲ್ಡ್ ಪ್ರೆಸ್ ತೆಗೆದುಕೊಂಡು ಹೋಗುವುದು ಮೇಲು. ಮಳೆಗಾಲ ಕಳೆದ ಹಳೇ ಹಾಳೆಯಾದರೆ ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ. ಹನಿ ಮೇಲೇ ನಿಂತರೆ ಸರಿ, ಹೀರುಕಾಗದದ ಹಾಗೆ ಕುಡಿದುಬಿಟ್ಟರೆ ಸೈಜಿಂಗ್ ಹೋಗಿದೆ ಎಂದರ್ಥ. ಆ ಹಾಳೆ ಬಣ್ಣ ಬೆರೆಸಿ ನೋಡಲಷ್ಟೇ.

ಹಾಳೆ ಬಿಗಿಯುವುದು ಎರಡು ದಿನ ಮುಂಚೆ. ಸೋಪಿನ ಅಂಶವಿಲ್ಲದ ಟಬ್ಬಿನಲ್ಲಿ ತಣ್ಣೀರಿಗೆ ಐದು ನಿಮಿಷ ಹಾಕಿ, ಎತ್ತಿ, ನೀರು ಸೋರಲು ಬಿಟ್ಟು, 12 ಮಿಲಿಮೀಟರಿನ ಪ್ಲೈವುಡ್ ಹಲಗೆ ಮೇಲೆ ಹಾಸುತ್ತೇನೆ. 6 ಮಿಲಿಮೀಟರಿನದು ಹಾಳೆ ಒಣಗಿ ಎಳೆದಾಗ ಬಾಗುತ್ತದೆ. ನಾಲ್ಕೂ ಅಂಚಿಗೆ ನೀರು ಸವರಿ ಅಂಟಿಸುವ ಕಂದು ಕಾಗದದ ಗಮ್ ಟೇಪ್, ಎರಡು ಇಂಚು ಅಗಲದ್ದು. ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಟೇಪ್ ಒದ್ದೆ ಹಾಳೆಗೆ ಹಿಡಿಯುವುದಿಲ್ಲ. ಹಲಗೆಯನ್ನು ಮಲಗಿಸಿಯೇ ಒಣಗಿಸಬೇಕು. ಗೋಡೆಗೆ ಆನಿಸಿದರೆ ನೀರೆಲ್ಲ ಕೆಳಗಿಳಿದು ಮೇಲ್ಭಾಗ ಮೊದಲು ಒಣಗಿ ಟೇಪ್ ಕಿತ್ತುಕೊಳ್ಳುತ್ತದೆ. ಡ್ರಾಯಿಂಗ್ ಇಳಿಸುವುದು ಇದೆಲ್ಲ ಒಣಗಿದ ಮೇಲೆ, ಯಾಕೆಂದರೆ ನೆನೆದ ಪೆನ್ಸಿಲ್ ಗೆರೆ ಹಾಳೆಗೆ ಕಚ್ಚಿಕೊಂಡು ಅಳಿಸಲು ಬರುವುದಿಲ್ಲ.

ಬಣ್ಣ ಎಂಟಕ್ಕಿಂತ ಹೆಚ್ಚು ಬೇಡ. ಅಲ್ಟ್ರಾಮರೀನ್, ಥೇಲೋ ಬ್ಲೂ, ಥೇಲೋ ಗ್ರೀನ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ಪರ್ಮನೆಂಟ್ ರೋಸ್, ಒಂದು ಕಿತ್ತಳೆಗೆಂಪು. ಜೊತೆಗೆ ಬಿಳಿ ಗ್ವಾಶ್ (ಕೆಳಗಿನ ಬಣ್ಣ ಮುಚ್ಚುವ ದಪ್ಪ ನೀರುಬಣ್ಣ) ಒಂದು ಟ್ಯೂಬ್, ಕೊನೆಯ ಅರ್ಧ ಗಂಟೆಗೆ ಮಾತ್ರ. ಕಪ್ಪು ಟ್ಯೂಬ್ ತರುವುದಿಲ್ಲ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ದಪ್ಪವಾಗಿ ಬೆರೆಸಿದರೆ ಕಪ್ಪಿಗೆ ಸಮನಾದ ಗಾಢ ಬಣ್ಣ ಬರುತ್ತದೆ, ಅದನ್ನೇ ನೀರಾಗಿಸಿದರೆ ಬಿಳಿ ಎದೆಯ ನೆರಳಿಗೆ ಬೇಕಾದ ಬೂದು. ಬೆನ್ನಿನ ನೀಲಿಗೆ ಥೇಲೋ ಬ್ಲೂ, ಅದಕ್ಕೆ ಕುಂಚದ ತುದಿಯಷ್ಟು ಥೇಲೋ ಗ್ರೀನ್. ಇವೆರಡೂ ಹಾಳೆಗೆ ಕಲೆ ಹಿಡಿಯುವ ಬಣ್ಣಗಳು, ಬಿಳಿ ಎದೆ ಮೇಲೆ ಒಂದು ಹನಿ ಬಿದ್ದರೆ ಪೂರ್ತಿ ಹೋಗುವುದಿಲ್ಲ. ಅದಕ್ಕೆ ನೀಲಿ ಹಾಕುವಾಗ ಎದೆಯ ಭಾಗಕ್ಕೆ ಟಿಶ್ಯೂ ಹಾಸಿಟ್ಟುಕೊಳ್ಳುತ್ತೇನೆ. ಬಿಗಿದ ಹಾಳೆಯ ಜಾತಿಯದೇ ಒಂದು ತುಂಡಿನ ಮೇಲೆ ಪ್ರತಿ ಮಿಶ್ರಣವನ್ನೂ ಗಟ್ಟಿ, ಮಧ್ಯಮ, ತೆಳು ಎಂದು ಮೂರು ಚೌಕ ಬಳಿದು ಪಕ್ಕದಲ್ಲಿ ಯಾವುದಕ್ಕೆ ಯಾವುದು ಬೆರೆಸಿದ್ದು ಎಂದು ಬರೆದಿಡುವುದು ಅಭ್ಯಾಸ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ. ಎಷ್ಟು ತೆಳುವಾಗುತ್ತದೆ ಎಂದು ಈ ತುಂಡು ಹೇಳುತ್ತದೆ.

ಕುಂಚದ ವಿಷಯದಲ್ಲಿ ದುಡ್ಡು ಪೋಲಾಗುವುದು 000 ನಂಬರಿಗೆ. ಸಣ್ಣ ಗೆರೆಗೆ ಸಣ್ಣ ಕುಂಚ ಎಂದು ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ನೀರು ನಿಲ್ಲುವುದೇ ಇಲ್ಲ, ಮಾರ್ಚಿಯ ಒಣ ಹವೆಯಲ್ಲಿ ಫ್ಯಾನ್ ಕೆಳಗೆ ಕೂತರಂತೂ ಗೆರೆ ಮುಗಿಯುವ ಮೊದಲೇ ಬಣ್ಣ ಒಣಗುತ್ತದೆ. ತುದಿ ಚೂಪಾಗಿ ಕೂಡುವ 4ನೇ ನಂಬರಿನ ರೌಂಡ್ ಇದ್ದರೆ ಅದೇ ಗೆರೆ ಸಲೀಸಾಗಿ ಬರುತ್ತದೆ. ನನ್ನ ಬಳಿ 8, 4, 2 ಮತ್ತು ಹಾಳೆಯಿಂದ ಬಣ್ಣ ಎತ್ತಿ ತೆಗೆಯಲು ಕಾಲಿಂಚಿನ ಒಂದು ಫ್ಲ್ಯಾಟ್, ಅಂದರೆ ಚಪ್ಪಟೆ ಕುಂಚ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಲೋಟ ನೀರು ಕೇಳಿ, ಅದ್ದಿ, ಒಮ್ಮೆ ಕೊಡವಿ, ತುದಿ ತಾನಾಗಿ ಕೂಡುತ್ತದೆಯೇ ನೋಡಿ. ಕೂದಲು ಬುಡದಲ್ಲಿ ಗಾಢ, ನಡುವೆ ಕೆನೆ ಬಣ್ಣ, ತುದಿಯಲ್ಲಿ ಮತ್ತೆ ಗಾಢ ಎಂದು ಪಟ್ಟೆ ಪಟ್ಟೆಯಾಗಿದ್ದರೆ ಅದು ಮುಂಗುಸಿ ಕೂದಲಿನ ಕುಂಚ ಇರಬಹುದು, ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ವನ್ಯಜೀವಿ ಬರೆಯಲು ಮುಂಗುಸಿ ಸಾಯಬೇಕಿಲ್ಲ, ಈಗಿನ ಸಿಂಥೆಟಿಕ್ ಕುಂಚಗಳು ಈ ಕೆಲಸಕ್ಕೆ ಧಾರಾಳ.

ಕಾರ್ಯಾಗಾರದ ಹಿಂದಿನ ವಾರ ಕಣ್ಣೊಂದನ್ನು ಪ್ರತ್ಯೇಕವಾಗಿ ಬರೆದು ನೋಡುವುದು ತಪ್ಪಿಸಬಾರದ ಕೆಲಸ. ಮಿಂಚುಳ್ಳಿಯ ಕಣ್ಣು ಕಡುಕಂದು, ಪಾಪೆ ಎಲ್ಲಿ ಮುಗಿಯಿತು ಎಂದೇ ದೂರದಿಂದ ತಿಳಿಯುವುದಿಲ್ಲ. ಹೊಳಪಿನ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ ಬಿಟ್ಟು, ಮೊದಲು ಇಡೀ ಕಣ್ಣಿಗೆ ತೆಳು ಬರ್ನ್ಟ್ ಸಿಯೆನ್ನಾ. ಅದು ಒಣಗಿದ ಮೇಲೆ ಮೇಲಿನ ಅರ್ಧಕ್ಕೆ ಬರ್ನ್ಟ್ ಅಂಬರ್, ರೆಪ್ಪೆಯ ನೆರಳು ಅಲ್ಲಿ ಬೀಳುತ್ತದೆ. ಹೊಳಪಿಗೆ ಎದುರಾಗಿ ಕೆಳಗೆ ಒಂದು ಚಂದ್ರಾಕಾರದಷ್ಟು ಜಾಗವನ್ನು ಮೊದಲ ಪದರದಲ್ಲೇ ಉಳಿಸಬೇಕು, ಒಳಗೆ ಹೋದ ಬೆಳಕು ಹೊರಗೆ ಕಾಣುವುದು ಅಲ್ಲಿ. ಇದನ್ನು ಬಿಟ್ಟರೆ ಕಣ್ಣು ಗುಂಡಿ ಹೊಲಿದ ಹಾಗೆ ಚಪ್ಪಟೆ. ನಂತರ ಪಾಪೆಗೆ ಗಾಢ ಮಿಶ್ರಣ, ಅಂಚು ಒದ್ದೆ ಇರುವಾಗಲೇ ಬರೀ ನೀರಿನ ಕುಂಚದಿಂದ ಒಮ್ಮೆ ಮುಟ್ಟಿ ಮೆತ್ತಗಾಗಿಸುವುದು. ಹೊಳಪು ಪೂರ್ತಿ ಬಿಳಿ ಉಳಿಯಬಾರದು, ಅದರ ಅರ್ಧಕ್ಕೆ ಬಲು ತೆಳುವಾದ ನೀಲಿ ಹಾಕಿದರೆ ಆಕಾಶ ಪ್ರತಿಫಲಿಸಿದಂತಾಗುತ್ತದೆ.

ಚಿರತೆ, ಜಿಂಕೆ ಆರಿಸಿದವರಿಗೆ ಒಂದು ಮಾತು: ಪ್ರಿಂಟಿನ ಮೇಲೆ ಕೂದಲು ಯಾವ ದಿಕ್ಕಿಗೆ ಮಲಗಿದೆ ಎಂದು ಪೆನ್ನಿನಲ್ಲಿ ಬಾಣದ ಗುರುತು ಹಾಕಿಕೊಂಡು ಹೋಗಿ. ಮೂಗಿನ ಮೇಲೆ ಗಿಡ್ಡ, ಕೆನ್ನೆಯಲ್ಲಿ ಉದ್ದ. ಚಿರತೆಯ ಪಾಪೆ ದುಂಡಗಿರುತ್ತದೆ, ಮನೆ ಬೆಕ್ಕಿನ ಹಾಗೆ ಸೀಳಲ್ಲ. ಮೀಸೆಗೆ ಮಾಸ್ಕಿಂಗ್ ಫ್ಲೂಯಿಡ್ (ಹಾಳೆಯ ಬಿಳುಪು ಉಳಿಸಲು ಬಳಿದು, ಆಮೇಲೆ ಕಿತ್ತು ತೆಗೆಯುವ ರಬ್ಬರಿನಂಥ ಅಂಟು) ಹಾಕುವುದಾದರೆ ಹಳೇ ಕುಂಚವನ್ನು ಸೋಪಿಗೆ ಅದ್ದಿ ಬಳಸಿ, ಸೀಸೆ ಕುಲುಕಬೇಡಿ, ಗುಳ್ಳೆ ಬರುತ್ತದೆ. ಹಿಂದಿನ ದಿನವೇ ಹಾಕಿಟ್ಟುಕೊಂಡು ಬರುವುದು, ಹೇರ್ ಡ್ರೈಯರ್ ಬಿಸಿ ಕೊಡುವುದು ಎರಡೂ ಅಪಾಯ. ಅಂಟು ಬಿಗಿದು ತೆಗೆಯುವಾಗ ಹಾಳೆಯ ಸಿಪ್ಪೆ ಏಳುತ್ತದೆ.

ಚೀಲಕ್ಕೆ ಎರಡು ಅಗಲ ಬಾಯಿಯ ಡಬ್ಬ, ಒಂದು ತೊಳೆಯಲು, ಒಂದು ಶುದ್ಧ ನೀರಿಗೆ. ಬಣ್ಣ ಬೆರೆಸಲು ಬಿಳಿ ಪಿಂಗಾಣಿ ತಟ್ಟೆ. ಹೊಸ ಪ್ಲಾಸ್ಟಿಕ್ ಪ್ಯಾಲೆಟ್ ಮೇಲೆ ಬಣ್ಣ ಹನಿ ಹನಿಯಾಗಿ ಒಡೆಯುತ್ತದೆ. ಹಳೇ ಬನಿಯನ್ ತುಂಡು, ಪುಟ್ಟಿ ರಬ್ಬರ್, ಎಕ್ಸ್‌ಟೆನ್ಷನ್ ಬಾಕ್ಸ್, ಹೇರ್ ಡ್ರೈಯರ್. ಹಾಲ್‌ನಲ್ಲಿ ಫ್ಯಾನಿನ ನೇರ ಕೆಳಗೆ ಕೂರಬೇಡಿ, ವಾಶ್ ಅಂಚಿನಿಂದ ಒಣಗಿ ಗೆರೆ ಕಟ್ಟುತ್ತದೆ. ಬಲಗೈಯವರಿಗೆ ಕಿಟಕಿ ಎಡಕ್ಕಿರಲಿ. ಕೆಲಸದ ಕ್ರಮ ನನ್ನದು ಹೀಗೆ: ಕಣ್ಣು, ಆಮೇಲೆ ತಲೆ ಮತ್ತು ಕೊಕ್ಕಿನ ಮೊದಲ ಪದರ, ಊಟಕ್ಕೆ ಏಳುವ ಮುಂಚೆ ನೀಲಿಯ ದೊಡ್ಡ ವಾಶ್. ಊಟ ಮುಗಿಯುವಷ್ಟರಲ್ಲಿ ಅದು ತಾನಾಗಿ ಒಣಗಿರುತ್ತದೆ, ಡ್ರೈಯರ್ ಬೇಕಾಗುವುದಿಲ್ಲ.

ಸಂಜೆ ಹಲಗೆಯಿಂದ ಹಾಳೆ ಬಿಡಿಸುವ ಆತುರ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ, ಆಗಲೇ ಕತ್ತರಿಸಿದರೆ ಸುರುಟಿಕೊಳ್ಳುತ್ತದೆ. ಅಂಚಿನ ಟೇಪಿನ ಮೇಲೆ ನಾಲ್ಕು ಬಾಟಲಿ ಮುಚ್ಚಳ ಅಂಟಿಸಿ, ಅದರ ಮೇಲೆ ರಟ್ಟು ಮುಚ್ಚಿ ದಾರ ಕಟ್ಟಿದರೆ ಬಸ್ಸಿನಲ್ಲೂ ಚಿತ್ರಕ್ಕೆ ಏನೂ ತಾಗುವುದಿಲ್ಲ. ಮಾರನೇ ದಿನ ಸ್ಕೇಲಿಟ್ಟು ಬ್ಲೇಡಿನಿಂದ ಮೊದಲು ಒಂದು ಅಂಚು, ಆಮೇಲೆ ಅದರ ಎದುರಿನದು, ಕೊನೆಗೆ ಉಳಿದೆರಡನ್ನು ಕತ್ತರಿಸಿ ತೆಗೆಯಿರಿ.