ಸೌದೆ ಬಾಯ್ಲರಿನ ಟಾರು ತೆಗೆಯುವುದು: ಮೊದಲು ಪೈಪು, ಆಮೇಲೆ ಒಲೆ

ತೀರ್ಥಹಳ್ಳಿ ಕಡೆ ಬಚ್ಚಲುಮನೆ ಹೊರಗೆ ಕೂರಿಸಿದ ಸೌದೆ ಬಾಯ್ಲರುಗಳ ಹೊಗೆಪೈಪಿಂದ ಮಳೆಗಾಲದ ನಡುವಿಗೇ ಕಪ್ಪು ಟಾರು ಇಳಿಯತೊಡಗುತ್ತದೆ. ಕ್ರಿಯೊಸೋಟ್ ಅಂದರೆ ಇದೇ. ಹಸಿ ಸೌದೆಯ ಹೊಗೆ ಪೈಪಿನಲ್ಲಿ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ, ಸುಡದೆ ಉಳಿದ ಆವಿ ತಗಡಿಗೆ ಅಂಟಿಕೊಳ್ಳುತ್ತದೆ. ಬಾಯ್ಲರಿನ ಒಲೆಗೂಡಿನ ಸುತ್ತ ನೀರೇ ಇರುವುದರಿಂದ ಅದರ ಗೋಡೆ ಅಷ್ಟು ಕಾಯುವುದೇ ಇಲ್ಲ. ಅಡುಗೆ ಒಲೆಗಿಂತ ಇಲ್ಲಿ ಟಾರು ಜಾಸ್ತಿ. ಅಡಿಕೆ ಸಿಪ್ಪೆ ತುರುಕಿ, ಗಾಳಿಕಿಂಡಿ ಮುಚ್ಚಿ ರಾತ್ರಿಯಿಡೀ ಹೊಗೆಯಾಡಲು ಬಿಟ್ಟರಂತೂ ಕೇಳಬೇಡಿ.

ಟಾರು 3 ಮಿಲಿಮೀಟರ್ ದಪ್ಪವಾದರೆ ನಾನು ಕಾಯುವುದಿಲ್ಲ. ಬೆಂಕಿ ಆರಿಸಿ ಪೂರ್ತಿ 24 ಗಂಟೆ ಬಿಡುತ್ತೇನೆ. ಬೂದಿಯಡಿ ಕೆಂಡ ಅಷ್ಟು ಹೊತ್ತೂ ಜೀವ ಹಿಡಿದಿರುತ್ತದೆ, ಹಾಗಾಗಿ ಬೂದಿಯನ್ನು ಕಬ್ಬಿಣದ ಬಾಂಡ್ಲಿಗೇ ತುಂಬುವುದು, ಗೋಣಿಚೀಲಕ್ಕಲ್ಲ. ಎನ್ 95 ಮಾಸ್ಕು, ಕನ್ನಡಕ, ಕೈಗವಸು ಬೇಕೇ ಬೇಕು. ಈ ಮಸಿ ಕ್ಯಾನ್ಸರ್ ತರುವಂಥದ್ದು.

ಹಾವಸೆ ಹಿಡಿದ ಹಂಚಿನ ಮೇಲೆ ಹತ್ತಿ ಬ್ರಷ್ ಹಾಕುವುದು ಬೇಡ. 4 ಇಂಚಿನ ಪೈಪನ್ನು ಜಾಯಿಂಟಿಗೊಂದು ಸುಣ್ಣದ ಗುರುತು ಹಾಕಿ ಬಿಚ್ಚಿ, ಅಂಗಳಕ್ಕೆ ಇಳಿಸುತ್ತೇನೆ. ತುದಿಯ ತುಂಡು, ಟೋಪಿ ಎರಡೂ ಹೆಚ್ಚು ತಣ್ಣಗಿರುವ ಜಾಗ, ಕಟ್ಟಿಕೊಳ್ಳುವುದೂ ಅಲ್ಲೇ. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಮೂರು ಬಗೆ ಕಾಣುತ್ತದೆ. ಪುಡಿ ಮಸಿ ಅಳತೆಗೆ ಸರಿಯಾದ ತಂತಿಬ್ರಷ್ಷಿಗೆ ನಾಲ್ಕು ಎಳೆತಕ್ಕೆ ಬರುತ್ತದೆ. ಹಕ್ಕಳೆಯಾದದ್ದನ್ನು ಪೈಪಿಗೆ ಮರದ ಸುತ್ತಿಗೆಯಲ್ಲಿ ತಟ್ಟಿ ಉದುರಿಸಬೇಕು. ಜೋನಿಬೆಲ್ಲದ ಹಾಗೆ ಇಳಿದು, ಕರಿಬಳೆಯಂತೆ ಹೊಳೆಯುವ ಪದರ ಮಾತ್ರ ಬ್ರಷ್ಷಿಗೆ ಜಗ್ಗುವುದಿಲ್ಲ. ಅಂಥ ತುಂಡನ್ನು ಬದಲಿಸಿಬಿಡುವುದೇ ಲೇಸು, ಪೈಪಿಗಿಂತ ಸೂರು ದುಬಾರಿ.

ಸೀಮೆಎಣ್ಣೆ ಸುರಿದು, ಇಲ್ಲವೇ ಒಣ ಸೋಗೆ ಉರಿಸಿ ಟಾರು ಸುಡುವವರಿದ್ದಾರೆ. ಪೈಪಿನೊಳಗೆ ಹೊತ್ತಿದ ಟಾರು 1000 ಡಿಗ್ರಿ ಮುಟ್ಟಬಲ್ಲದು. ಪಕ್ಕದ ರೀಪು, ಪಕಾಸಿ ಹಿಡಿದುಕೊಂಡರೆ ಮುಗಿಯಿತು.

ಒಲೆಗೂಡನ್ನು ಚಪ್ಪಟೆ ಕಬ್ಬಿಣದ ಪಟ್ಟಿಯಿಂದ ಕೆರೆಯುತ್ತೇನೆ. ಗಟ್ಟಿ ಪದರ ಉಳಿದರೆ ಒಂದು ಉಪಾಯವಿದೆ: ಪೈಪು ಶುದ್ಧವಾಗಿ ಕೂತ ಮೇಲೆ, ಬಾಯ್ಲರಿಗೆ ನೀರು ತುಂಬಿ, ಒಂದು ವರ್ಷ ಒಣಗಿದ ಸಣ್ಣ ಸೀಳು ಸೌದೆಯಿಂದ ಮುಕ್ಕಾಲು ಗಂಟೆ ಚುರುಕು ಉರಿ ಹಾಕುವುದು. ಪದರ ಒಣಗಿ ಸಿಡಿಯುತ್ತದೆ, ಮತ್ತೆ ತಣಿಸಿ ಕೆರೆದರೆ ಬಿಡುತ್ತದೆ. ಪೈಪು ಕೊಳಕಿರುವಾಗ ಇದೇ ಉರಿ ಅಪಾಯ, ಕ್ರಮ ತಪ್ಪಬಾರದು. ನೀರು ಹಾಕಿ ತೊಳೆಯುವುದೂ ಇಲ್ಲ. ಒದ್ದೆ ಬೂದಿ, ಮಸಿ ಸೇರಿ ತಗಡನ್ನು ತಿನ್ನುತ್ತವೆ.

ಮರುಜೋಡಣೆಯಲ್ಲಿ ಮೇಲಿನ ತುಂಡಿನ ಕಿರಿದಾದ ಬಾಯಿ ಕೆಳಗಿನದರ ಒಳಗೆ ಕೂರಬೇಕು. ತಿರುಗಾಮುರುಗಾ ಆದರೆ ಟಾರು ಜಾಯಿಂಟಿನಿಂದ ಹೊರಗೆ ಸೋರಿ ಗೋಡೆಯುದ್ದಕ್ಕೂ ಇಳಿಯುತ್ತದೆ. ಕೊನೆಗೆ ಎರಡು ಹಾಳೆ ಪೇಪರ್ ಉರಿಸಿ ಪ್ರತಿ ಜಾಯಿಂಟನ್ನೂ ನೋಡಿ, ಹೊಗೆ ಟೋಪಿಯಿಂದ ಮಾತ್ರ ಬರಬೇಕು.