ಯುಕುಲೇಲೆಗೆ ಒಪ್ಪುವ ತಂತಿಯನ್ನು ಆರಿಸುವುದು ಹೇಗೆ?

ವೀಣೆ, ತಂಬೂರಿಗಳ ಅಭ್ಯಾಸದಿಂದಾಗಿ ತಂತಿ ಎಂದೊಡನೆ ನಮಗೆ ಲೋಹದ ಎಳೆಯೇ ನೆನಪಾಗುತ್ತದೆ. ಗಿಟಾರನ್ನು ಹೋಲುವ, ನಾಲ್ಕು ತಂತಿಗಳ ಪುಟ್ಟ ವಾದ್ಯವಾದ ಯುಕುಲೇಲೆಯ ವಿಷಯದಲ್ಲಿ ಈ ನೆನಪನ್ನು ಮೊದಲು ಬದಿಗಿಡಬೇಕು. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಹವಾಯಿಗೆ ವಲಸೆ ಬಂದವರ ಪುಟ್ಟ ವಾದ್ಯದಿಂದ ಬೆಳೆದ ಯುಕುಲೇಲೆಗೆ ಹಿಂದೆ ಕರುಳಿನ ತಂತಿ ಕಟ್ಟುತ್ತಿದ್ದರು. ಇಂದಿಗೂ ಅದರ ಮೇಲ್ಹಲಗೆ ತೆಳುವಾಗಿಯೇ ಇರುವುದರಿಂದ, ಗಿಟಾರಿನ ಉಕ್ಕಿನ ತಂತಿಯನ್ನು ಬಿಗಿದರೆ, ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಕುದುರೆ (ಬ್ರಿಡ್ಜ್) ಕಿತ್ತುಬರುವ ಅಪಾಯವಿದೆ.

ಕೊಳ್ಳುವ ಮುನ್ನ ವಾದ್ಯವನ್ನು ಅಳೆಯಿರಿ. ಬಿರಡೆಗಳ ಕೆಳಗಿರುವ, ನಟ್ ಎಂದು ಕರೆಯುವ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲಿನ (ಫ್ರೆಟ್) ವರೆಗಿನ ದೂರವನ್ನು ಇಮ್ಮಡಿಗೊಳಿಸಿದರೆ ನುಡಿಯುವ ತಂತಿಯ ಉದ್ದ ಸಿಗುತ್ತದೆ. ಯುಕುಲೇಲೆಯ ನಾಲ್ಕು ಗಾತ್ರಗಳಲ್ಲಿ ಚಿಕ್ಕದಾದ ಸೊಪ್ರಾನೊದಲ್ಲಿ ಅದು ಸುಮಾರು 33–35 ಸೆಂ.ಮೀ., ಕನ್ಸರ್ಟ್‌ನಲ್ಲಿ 38, ಟೆನರ್‌ನಲ್ಲಿ 43, ಬ್ಯಾರಿಟೋನ್‌ನಲ್ಲಿ 48–51 ಸೆಂ.ಮೀ. ಇರುತ್ತದೆ. ಒಂದೇ ಶ್ರುತಿಯಲ್ಲಿ ತಂತಿಯ ಬಿಗಿತವು ಉದ್ದದ ವರ್ಗಕ್ಕೆ (ಉದ್ದ × ಉದ್ದ) ತಕ್ಕಂತೆ ಬದಲಾಗುವುದರಿಂದ, ಟೆನರ್‌ಗೆಂದು ಮಾಡಿದ ತಂತಿಯನ್ನು ಸೊಪ್ರಾನೊಗೆ ಕಟ್ಟಿದರೆ ಬಿಗಿತ ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗಿ, ನಾದ ಸೊರಗುತ್ತದೆ. ಬ್ಯಾರಿಟೋನ್‌ನ ಡಿ-ಜಿ-ಬಿ-ಇ ಶ್ರುತಿ ಗಿಟಾರಿನ ಕೊನೆಯ ನಾಲ್ಕು ತಂತಿಗಳದೇ ಆದರೂ ಗಿಟಾರಿನ ನೈಲಾನ್ ತಂತಿ ಇಲ್ಲಿ ಸಡಿಲವೆನಿಸುವುದಕ್ಕೆ ಇದೇ ಕಾರಣ.

ಉಳಿದ ಮೂರು ಗಾತ್ರಗಳಿಗೆ ಸಾಮಾನ್ಯವಾದ ಶ್ರುತಿ ಜಿ-ಸಿ-ಇ-ಎ. ಸಿ ಸ್ವರವನ್ನು ಷಡ್ಜವೆಂದುಕೊಂಡರೆ ಇವು ಕ್ರಮವಾಗಿ ಪಂಚಮ, ಷಡ್ಜ, ಅಂತರ ಗಾಂಧಾರ ಮತ್ತು ಚತುಶ್ರುತಿ ಧೈವತ. ರೂಢಿಯಲ್ಲಿ ಆ ಪಂಚಮವೂ ಷಡ್ಜದ ಮೇಲಿನದೇ. ಯುಕುಲೇಲೆಯ ಗೆಜ್ಜೆಯಂತಹ ಹಗುರ ದನಿ ಹುಟ್ಟುವುದು ಅದರಿಂದಲೇ. ಹಾಡಿಗೆ ಜೊತೆಯಾಗಿ ಸ್ವರಮೇಳ ನುಡಿಸುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ಕೀರ್ತನೆಯನ್ನೋ ಭಾವಗೀತೆಯ ಧಾಟಿಯನ್ನೋ ಬಿಡಿಸ್ವರಗಳಲ್ಲಿ ನುಡಿಸಬಯಸುವವರಿಗೆ ಷಡ್ಜದ ಕೆಳಗೆ ಇಳಿಯಲು ಜಾಗವೇ ಇರುವುದಿಲ್ಲ. ಅಂಥವರು ‘ಲೋ ಜಿ’ (ಕೆಳಸ್ಥಾಯಿಯ ಜಿ) ಎಂದು ನಮೂದಿಸಿದ ತಂತಿಗಳ ಜೋಡಣೆಯನ್ನು ಕೊಂಡರೆ ಮಂದ್ರದ ಪಂಚಮ, ಧೈವತ, ನಿಷಾದಗಳು ಕೈಗೆಟಕುತ್ತವೆ. ಈ ಆಯ್ಕೆಯನ್ನು ಕೊಳ್ಳುವಾಗಲೇ ಮಾಡಬೇಕು, ಏಕೆಂದರೆ ಮೇಲಿನ ಪಂಚಮದ ತೆಳು ತಂತಿಯನ್ನು ಒಂದು ಸ್ಥಾಯಿ ಇಳಿಸಿದರೆ ಅದು ಜೋಲುಬಿದ್ದು ನುಡಿಯುವುದೇ ಇಲ್ಲ.

ಯಾವ ವಸ್ತುವಿನ ತಂತಿ ಎಂಬುದು ಇದಾದ ಮೇಲಿನ ಪ್ರಶ್ನೆ. ನೈಲಾನ್ ಅಗ್ಗ, ಅದರ ನಾದ ಮೃದು. ಆದರೆ ಅದು ತೇವ ಹೀರುವುದರಿಂದ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಶ್ರುತಿ ಮತ್ತೆ ಮತ್ತೆ ಸರಿಯುತ್ತದೆ. ಫ್ಲೋರೊಕಾರ್ಬನ್ ಎಂಬ ಪ್ಲಾಸ್ಟಿಕ್ ನೈಲಾನಿಗಿಂತ ಸಾಂದ್ರವಾದ್ದರಿಂದ ಅದೇ ಸ್ವರಕ್ಕೆ ಇನ್ನಷ್ಟು ತೆಳುವಾದ ಎಳೆ ಸಾಕಾಗುತ್ತದೆ; ಅದರ ದನಿ ಸ್ಪಷ್ಟ, ತೇವದ ಬಾಧೆಯೂ ಕಡಿಮೆ. ಇಟಲಿಯ ಅಕ್ವಿಲಾ ಸಂಸ್ಥೆಯ ನೈಲ್ಗಟ್ ಎಂಬ ಕೃತಕ ತಂತಿಯು ಕರುಳಿನ ತಂತಿಯ ಗುಣವನ್ನು ಅನುಸರಿಸಿ ಮಾಡಿದ್ದು. ಮಂಕಾಗಿ ನುಡಿಯುವ ಅಗ್ಗದ ಸೊಪ್ರಾನೊಗೂ ಅದು ಚುರುಕು ತರುತ್ತದೆ. ಅತಿ ತೀಕ್ಷ್ಣವಾಗಿ ನುಡಿಯುವ ವಾದ್ಯಕ್ಕೆ ನಾನು ನೈಲಾನನ್ನೇ ಆರಿಸುತ್ತೇನೆ.

ಹಳೆಯ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಹೊಸದನ್ನು ಕಟ್ಟಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿದರೆ ಯಾವುದು ಎಲ್ಲಿಯದೆಂಬ ಗೊಂದಲವಾಗುವುದಿಲ್ಲ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುವುದರಿಂದ ಶ್ರುತಿ ಇಳಿಯುವುದು ಸಹಜ. ಅದನ್ನು ಕಂಡು ತಂತಿಯೇ ಕಳಪೆಯೆಂದು ತೀರ್ಮಾನಿಸಬೇಡಿ. ಲೋ ಜಿ ತಂತಿ ದಪ್ಪವಾಗಿದ್ದು ನಟ್‌ನ ಗೀರಿನಲ್ಲಿ ಕೂರದಿದ್ದರೆ, ಲೋಹದ ಸುತ್ತುಳ್ಳ ಸಪೂರ ತಂತಿಯನ್ನು ಪ್ರಯತ್ನಿಸಿ, ಇಲ್ಲವೇ ವಾದ್ಯ ರಿಪೇರಿ ಬಲ್ಲವರಿಂದ ಗೀರನ್ನು ಅಗಲ ಮಾಡಿಸಿ. ನೀವೇ ಅರ ಹಿಡಿದು ಉಜ್ಜಿದಾಗ ಗೀರು ಆಳವಾಗಿಬಿಟ್ಟರೆ ತಂತಿಯು ಮೊದಲ ಮೆಟ್ಟಿಲಿಗೆ ತಗಲಿ ಝರ್‌ಗುಟ್ಟುತ್ತದೆ.